ಬಿಚ್ಚದ ಇಂಜಿನ್

ನಮ್ಮ ಮನೆಯಲ್ಲಿ ಮೋಟಾರ್ ಸೈಕಲ್ಲಿಗೆ ಎಣ್ಣೆ ಬದಲಿಸುವುದು ಹಬ್ಬದ ಲೆಕ್ಕದ ಮೇಲೆ. ಯುಗಾದಿ, ನಾಗರ ಪಂಚಮಿ, ದೀಪಾವಳಿ, ಸಂಕ್ರಾಂತಿ. ಮೊದಲು ಮನುಷ್ಯರು ತಲೆಗೆ ಎಣ್ಣೆ ಹಚ್ಚಿ ಎರೆದುಕೊಳ್ಳಬೇಕು. ಆಮೇಲೆ ನಮ್ಮ ಯಜಮಾನರು ಹಳೆಯ ಲುಂಗಿ ಸುತ್ತಿಕೊಂಡು ಕೆಳಗಿಳಿದು ಇಂಜಿನ್ನಿನ ಹೊಟ್ಟೆಯಡಿಯ ನಟ್ಟು ಸಡಿಲಿಸಿ ಕರಿ ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಬೇಕು, ಹೊಸದನ್ನು ಹೊಯ್ಯಬೇಕು. ಅದಾದ ಮೇಲೆಯೇ ಊಟ. ಮಕ್ಕಳು ಸಣ್ಣವರಿದ್ದಾಗ ಹಸಿದು ಕಿರಿಕಿರಿ ಮಾಡುತ್ತಿದ್ದವು. ನಾನು ಅವಕ್ಕೆ ಮೊದಲೇ ತಿನ್ನಿಸಿ, ಬಾಯಿ ಒರೆಸಿ, ಏನೂ ತಿಂದಿಲ್ಲದವರಂತೆ ಕೂರಿಸುತ್ತಿದ್ದೆ.

ಬೇರೆಯವರು ಕಿಲೋಮೀಟರ್ ನೋಡಿ ಎಣ್ಣೆ ಬದಲಿಸುತ್ತಾರೆ. ನಮ್ಮ ಗಾಡಿಯ ಮೀಟರ್ ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಸೊನ್ನೆಗೆ ಬಂತು. ಎರಡನೆಯ ಸುತ್ತಿನ ನಡುವೆ ಎಲ್ಲೋ ಅದರ ಕೇಬಲ್ ಹರಿಯಿತು. ಹೊಸ ಕೇಬಲ್ ಹಾಕಿಸಿ ಎಂದರೆ, ಗಾಡಿ ಎಷ್ಟು ಓಡಿದೆ ಎಂದು ಗಾಡಿಗೆ ಗೊತ್ತಿದ್ದರೆ ಸಾಕು ಎಂದರು. ಹಬ್ಬ ಯಾರಿಗೂ ಮರೆಯುವುದಿಲ್ಲ, ಹಾಗಾಗಿ ಎಣ್ಣೆಯೂ ಮರೆಯುವುದಿಲ್ಲ ಎಂಬುದು ಅವರ ವಾದ. ಅಷ್ಟು ವರ್ಷ ಅದು ಸುಳ್ಳಾಗಿರಲೂ ಇಲ್ಲ.

ಅವರು ಈ ಮರಾಠಿ ಸೀಮೆಗೆ ಬಂದು ಖಡಕಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ತಂದ ಗಾಡಿ ಅದು. ನೂರು ಸಿಸಿಯದು, ದೊಡ್ಡದೇನಲ್ಲ. ಅದರ ಮೇಲೆ ಗ್ಯಾಸ್ ಸಿಲಿಂಡರ್ ಬಂದಿದೆ, ಊರಿಂದ ರೈಲಿಗೆ ಹಾಕಿ ಕಳಿಸಿದ ಜೋಳದ ಚೀಲ ಬಂದಿದೆ. ಎರಡನೆಯ ಹೆರಿಗೆಗೆ ನಾನೂ ಅದರ ಮೇಲೆ ಕೂತೇ ದವಾಖಾನೆಗೆ ಹೋದೆ. ರಸ್ತೆಯ ತಗ್ಗುಗಳಲ್ಲಿ ಅವರಿಗೆ ಬೈದದ್ದು ನೆನಪಿದೆ, ಉಳಿದದ್ದು ನೆನಪಿಲ್ಲ.

ಇಷ್ಟು ಓಡಿದ ಮೇಲೂ ಅದರ ಇಂಜಿನ್ ಒಮ್ಮೆಯೂ ಬಿಚ್ಚಿರಲಿಲ್ಲ. ಯಜಮಾನರಿಗೆ ಇದ್ದ ಒಂದೇ ಜಂಬ ಅದು. ಬೆಳಿಗ್ಗೆ ಒದ್ದು ಚಾಲೂ ಮಾಡಿದ ಮೇಲೆ ಇಂಜಿನ್ ಬೆಚ್ಚಗಾಗುವವರೆಗೆ ಹತ್ತುವುದಿಲ್ಲ. ನಾನು ಚೀಲ ಹಿಡಿದು ನಿಂತಿದ್ದರೂ ಸರಿ, ಮಳೆ ಬರುತ್ತಿದ್ದರೂ ಸರಿ. ಯಾರಿಗೂ ಗಾಡಿ ಕೊಡುವುದಿಲ್ಲ, ಸ್ವಂತ ತಮ್ಮನಿಗೂ ಕೊಡಲಿಲ್ಲ. ಗಾಳಿ ಸೋಸುವ ಫಿಲ್ಟರನ್ನು ತಾವೇ ತೊಳೆದು ನೆರಳಲ್ಲಿ ಒಣಗಿಸುತ್ತಾರೆ. ನಮ್ಮ ಗ್ಯಾಲರಿಯ ತಂತಿಯ ಮೇಲೆ ನನ್ನ ಸೀರೆಯ ಪಕ್ಕದಲ್ಲಿ ಅದು ತೂಗುತ್ತಿರುತ್ತದೆ.

ಖಡಕಿ ಬಜಾರಿನಲ್ಲಿ ಕರಾವಳಿಯವರ ಹೋಟೆಲೊಂದಿದೆ. ಬೆಳಿಗ್ಗೆ ಅಲ್ಲಿ ಕೆಲಸ ಬಿಟ್ಟ ಮುದುಕರೆಲ್ಲ ಒಂದೇ ಬೆಂಚಿನ ಮೇಲೆ ಸೇರುತ್ತಾರೆ. ಒಬ್ಬರ ಎದೆ ಬಿಚ್ಚಿ ಹೊಲಿದಿದ್ದಾರೆ, ಒಬ್ಬರ ಎರಡೂ ಮೊಣಕಾಲು ಬದಲಾಗಿವೆ, ಒಬ್ಬರ ಹೊಟ್ಟೆಯಿಂದ ಹರಳು ತೆಗೆದಿದ್ದಾರೆ. ಆ ಬೆಂಚಿನ ಮೇಲೆ ಹೇಳಿಕೊಳ್ಳುವುದಕ್ಕೆ ಬಿಚ್ಚದೆ ಉಳಿದದ್ದು ನಮ್ಮ ಇಂಜಿನ್ ಒಂದೇ ಆಗಿತ್ತು.

ಯಜಮಾನರಿಗೆ ವಯಸ್ಸಿನ ಜೊತೆ ಕಿವಿ ಮಂದವಾಯಿತು. ಅವರ ತಂದೆಗೂ ಹಾಗೇ ಆಗಿತ್ತು. ಕಿವಿಗೆ ಹಾಕುವ ಮಿಷನ್ನು ತಂದುಕೊಟ್ಟರು ಮಕ್ಕಳು. ಹೆಲ್ಮೆಟ್ಟಿನೊಳಗೆ ಅದು ಸಿಳ್ಳೆ ಹೊಡೆಯುತ್ತದೆ ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಹಿಂದೆ ಕೂತ ನಾನೇ ಕಿವಿ. ಬಲಭುಜಕ್ಕೆ ತಟ್ಟಿದರೆ ಹಿಂದೆ ದೊಡ್ಡ ಗಾಡಿ ಹಾರ್ನ್ ಹೊಡೆಯುತ್ತಿದೆ ಎಂದು ಅರ್ಥ. ಎಡಭುಜಕ್ಕೆ ತಟ್ಟಿದರೆ ಇಂಜಿನ್ ಒದ್ದಾಡುತ್ತಿದೆ, ಗೇರ್ ಬದಲಿಸಿ ಎಂದು. ಬೆನ್ನಿಗೆ ಗುದ್ದಿದರೆ ನಿಲ್ಲಿಸಿ ಎಂದು. ಇದನ್ನು ಯಾರೂ ಕೂತು ಗೊತ್ತುಮಾಡಲಿಲ್ಲ, ತಟ್ಟಿ ತಟ್ಟಿ ಆಯಿತು.

ನನ್ನ ಅಕ್ಕ ದೌಂಡಿನಲ್ಲಿ ಇದ್ದಾಳೆ. ಭಾವ ರೈಲ್ವೆಯಲ್ಲಿದ್ದರು. ತಿಂಗಳಿಗೊಮ್ಮೆ ನಾವಿಬ್ಬರೂ ಗಾಡಿಯ ಮೇಲೆ ಅಲ್ಲಿಗೆ ಹೋಗಿಬರುತ್ತೇವೆ. ರೈಲಿದೆಯಲ್ಲ ಎನ್ನುತ್ತಾರೆ ಎಲ್ಲರೂ. ರೈಲಿನಲ್ಲಿ ಹೋದರೆ ಅಕ್ಕನ ಮನೆ ಮುಟ್ಟಿದಂತಾಗುತ್ತದೆ ಅಷ್ಟೆ. ಗಾಡಿಯ ಮೇಲೆ ಹೋದರೆ ದಾರಿಯೂ ಸಿಗುತ್ತದೆ. ಬೇಕಾದಲ್ಲಿ ನಿಲ್ಲುತ್ತೇವೆ, ಕಬ್ಬಿನ ಹಾಲು ಕುಡಿಯುತ್ತೇವೆ, ಹೊಲದ ಬದುವಿನಲ್ಲಿ ಮೆಂತ್ಯ ಸೊಪ್ಪು ಮಾರುವವಳ ಜೊತೆ ನಾನು ಜಗಳವಾಡುತ್ತೇನೆ. ಮಗ ಒಮ್ಮೆ ನೇರವಾಗಿಯೇ ಹೇಳಿದ್ದ, ಈ ಗಾಡಿ ಇರುವ ತನಕ ಹೊಡಿ ಅಪ್ಪಾ, ಹೊಸದು ಮಾತ್ರ ಕೇಳಬೇಡ, ಕೊಡಿಸುವುದಿಲ್ಲ ಎಂದು. ಅವನದು ತಪ್ಪಲ್ಲ. ಕಿವಿ ಕೇಳದ ಮುದುಕನ ಕೈಗೆ ಹೊಸ ಗಾಡಿ ಯಾರು ಕೊಡುತ್ತಾರೆ? ಅಂದರೆ ಈ ಇಂಜಿನ್ ನಿಂತ ದಿನ ನಾವಿಬ್ಬರೂ ಮನೆಯಲ್ಲಿ ಕೂತೆವು ಎಂದೇ ಲೆಕ್ಕ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡಿರಲಿಲ್ಲ.

ಒಂದು ವರ್ಷ ಅಧಿಕ ಶ್ರಾವಣ ಬಂತು. ಅಧಿಕ ಮಾಸದಲ್ಲಿ ದೇವರಿಗೆ ಹೋಗಬೇಕು, ಅಳಿಯನನ್ನು ಕರೆದು ಅಕ್ಕಿಹಿಟ್ಟು ಬೆಲ್ಲ ಕಲಸಿ ಕರಿದ ಅನಾರಸ ಕೊಟ್ಟು ಉಣ್ಣಿಸಬೇಕು. ನಾವು ದೇವರಿಗೆ ಹೋದದ್ದೇ ಹೋದದ್ದು. ಆಳಂದಿಗೆ ಹೋದೆವು, ಇನ್ನೆರಡು ಗುಡಿಗೆ ಹೋದೆವು, ಅಕ್ಕನೂ ಕರೆದಳೆಂದು ದೌಂಡಿಗೆ ಎರಡು ಸಲ ಹೋದೆವು. ಮಳೆ, ಕೆಸರು, ಮೇಲಿಂದ ಘಾಟಿನ ದಾರಿ. ಗಾಡಿ ಎಂದಿಗಿಂತ ಹೆಚ್ಚು ಓಡಿತು.

ಆಳಂದಿಯಿಂದ ಬರುವಾಗ ನನಗೆ ಹೊಸ ಸದ್ದೊಂದು ಕೇಳಿಸಿತು. ಇಂಜಿನ್ನಿನ ಮೇಲ್ಭಾಗದಲ್ಲಿ, ಕೈಬಳೆ ತಾಮ್ರದ ಕೊಡದ ಕಂಠಕ್ಕೆ ತಾಗಿದ ಹಾಗೆ. ಟಿಕ್ ಟಿಕ್ ಟಿಕ್. ಗಾಡಿ ಕಾದಷ್ಟೂ ಜೋರಾಗುತ್ತಿತ್ತು. ಬೆನ್ನಿಗೆ ಗುದ್ದಿದೆ. ನಿಲ್ಲಿಸಿದರು. ಹೇಳಿದೆ. ಹೆಲ್ಮೆಟ್ ತೆಗೆದು, ಬಗ್ಗಿ, ಕಿವಿ ಕೊಟ್ಟು ಕೇಳಿದರು. ಅವರಿಗೆ ಏನು ಕೇಳಬೇಕು? ಏನೂ ಇಲ್ಲ, ಚೈನು ಒಣಗಿರಬೇಕು ಎಂದರು. ನಾನು ಚೈನಿನ ಸದ್ದು ಬೇರೆ ಎಂದೆ. ನಿನಗೆ ಅಭ್ಯಾಸ, ಎಲ್ಲದರಲ್ಲೂ ಹುಳುಕು ಹುಡುಕುವುದು ಎಂದು ಮತ್ತೆ ಚಾಲೂ ಮಾಡಿದರು. ಮನೆ ಬರುವವರೆಗೆ ನಾನು ಭುಜ ತಟ್ಟಲಿಲ್ಲ. ಹಿಂದೆ ಲಾರಿ ಬಂದರೆ ಬರಲಿ ಎಂದು ಕೂತೆ. ಒಂದು ಲಾರಿ ಬಂತು. ಅದಕ್ಕೆ ಮಾತ್ರ ತಟ್ಟಿದೆ.

ಮರುದಿನ ಬೆಳಿಗ್ಗೆ ನಾನು ಗ್ಯಾಲರಿಯಿಂದ ಕೆಳಗೆ ನೋಡಿದೆ. ಯಜಮಾನರು ಗಾಡಿ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಅದರ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಕಾರ್ಖಾನೆಯಲ್ಲಿ ಮಿಷನ್ನಿನ ಒಳಗಿನ ಸದ್ದನ್ನು ಹೀಗೆ ಕೇಳುತ್ತಿದ್ದೆವು ಎಂದು ಹಿಂದೆ ಹೇಳಿದ್ದರು. ಕೆಳಗೆ ಇಟ್ಟು ಕೇಳಿದರು, ನಡುವೆ ಇಟ್ಟು ಕೇಳಿದರು. ಮೇಲೆ ಇಟ್ಟಾಗ ತುಂಬ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಗಾಡಿ ಬಂದ್ ಮಾಡಿ, ಸ್ಕ್ರೂಡ್ರೈವರನ್ನು ಒರೆಸಿ, ಚಹಾಕ್ಕೆ ಬಂದು ಕೂತರು. ಆ ದಿನ ಹೋಟೆಲಿನ ಬೆಂಚಿಗೂ ಹೋಗಲಿಲ್ಲ.

ಸಂಜೆ ತಾವಾಗಿ ಬಾಯಿಬಿಟ್ಟರು. ಪಂಚಮಿ ಬರಲಿ, ಹೊಸ ಎಣ್ಣೆ ಬಿದ್ದರೆ ಸದ್ದು ಹೋಗುತ್ತದೆ ಎಂದರು. ಈಗಲೇ ಹಾಕಿ ಎಂದರೆ, ಹಬ್ಬ ಇನ್ನೂ ಬಂದಿಲ್ಲ ಎಂದರು. ಮೆಕ್ಯಾನಿಕ್ ಬಳಿ ತೋರಿಸಿ ಎಂದರೆ, ಅಧಿಕದಲ್ಲಿ ಹೊಸ ಕೆಲಸ ಹಿಡಿಯಬಾರದು ಎಂದರು. ದೇವರ ಮನೆಯಲ್ಲಿ ದೀಪ ಹಚ್ಚಿ ಎಂದರೆ ನಿನ್ನ ಕೆಲಸ ಅದು ಎನ್ನುವ ಮನುಷ್ಯ, ಅವತ್ತು ಶಾಸ್ತ್ರ ಹೇಳಿದರು.

ಆ ವಾರ ಅಳಿಯ ಊಟಕ್ಕೆ ಬಂದ. ಮೈಸೂರಿನ ಕಡೆಯವನು, ವಿಮಾನ ನಗರದ ಆಫೀಸೊಂದರಲ್ಲಿ ಕೆಲಸ. ಒಳ್ಳೆಯ ಹುಡುಗ, ಅನಾರಸ ಕೊಟ್ಟರೆ ಎಣ್ಣೆ ಜಾಸ್ತಿ ಎಂದು ಹೇಳಿಯೂ ತಿನ್ನುತ್ತಾನೆ. ಮಾವ ಬಜಾರಿನಿಂದ ಮೊಸರು ತರಲು ಹೋಗಿ ಬಂದಾಗ ಗಾಡಿಯ ಸದ್ದನ್ನು ಅವನು ಕಿಟಕಿಯಿಂದ ಕೇಳಿಸಿಕೊಂಡ. ಊಟದ ನಡುವೆ ವಿಷಯ ತೆಗೆದ.

“ಅತ್ತೆ, ಮಾವಂಗೆ ಹೇಳಿ, ಅದನ್ನ ಕೊಟ್ಬಿಡೋಣ. ಬ್ಯಾಟರಿ ಸ್ಕೂಟರ್ ತಗೊಳೋಣ, ನಿಧಾನಕ್ಕೆ ಹೋಗುತ್ತೆ, ಸದ್ದೇ ಇರಲ್ಲ. ನಾನು ಅವನ ಹತ್ರ ಮಾತಾಡ್ತೀನಿ.”

ಅವನು ಎಂದರೆ ನಮ್ಮ ಮಗ. ಅಳಿಯ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಸದ್ದೇ ಇಲ್ಲದ ಗಾಡಿಯ ಹಿಂದೆ ಕೂತು ನಾನೇನು ಕೇಳಲಿ? ಅದಲ್ಲದೆ, ಬೇರೆ ಗಾಡಿಯ ಮಾತು ಎತ್ತಿದರೆ ಮಗ ಹಳೆಯದನ್ನು ಮಾರಿಸುತ್ತಾನೆ, ಹೊಸದನ್ನು ತರುವುದಿಲ್ಲ. ಇದು ನನಗೆ ನೀರಿನಷ್ಟು ತಿಳಿಯಾಗಿ ಕಂಡಿತು. ಯಜಮಾನರು ಮಾತು ಕೇಳಿಸದವರಂತೆ ಅನ್ನ ಕಲಸುತ್ತಿದ್ದರು. ಮಿಷನ್ನು ಕಿವಿಯಲ್ಲೇ ಇತ್ತು.

ಅಳಿಯ ಹೋದ ಮೇಲೆ ನಾನು ಕೆಳಗಿಳಿದು, ಎಣ್ಣೆ ನೋಡುವ ಕಡ್ಡಿಯನ್ನು ಬಿಚ್ಚಿ ತೆಗೆದೆ. ಅವರು ಹಬ್ಬಕ್ಕೆ ಮಾಡುವುದನ್ನು ನೋಡಿ ನೋಡಿ ಅಷ್ಟು ನನಗೆ ಬರುತ್ತದೆ. ಒರೆಸಿ, ಇಳಿಬಿಟ್ಟು, ಮತ್ತೆ ಎತ್ತಿದೆ. ಕಡ್ಡಿಯ ತುದಿಗೆ ಕಾಡಿಗೆಯಷ್ಟು ಎಣ್ಣೆ ಹತ್ತಿತ್ತು, ಅಷ್ಟೆ. ಇಂಜಿನ್ ವಯಸ್ಸಾದ ಮೇಲೆ ಎಣ್ಣೆ ಕುಡಿಯಲು ಕಲಿತಿತ್ತು, ನಾವು ನೋಡಿರಲಿಲ್ಲ. ಕಡ್ಡಿಯನ್ನು ಹಾಗೇ ಹಿಡಿದುಕೊಂಡು ಮೇಲೆ ಬಂದು ಅವರ ಮುಂದೆ ಇಟ್ಟೆ. ಟೇಬಲ್ಲಿನ ಬಟ್ಟೆ ಕರಿಯಾಯಿತು. ಆಗಲಿ ಎಂದೆ.

ಅವರು ಅದನ್ನು ನೋಡಿ, ಏಳಲಿಲ್ಲ. ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿದರು.

“ಎಣ್ಣಿ ಹಾಕ್ತೀನಿ. ಬಿಚ್ಚಸಂಗಿಲ್ಲ. ಒಮ್ಮೆ ಬಿಚ್ಚಿದ ಇಂಜಿನ್ ಮೊದಲಿನಂಗ ಆಗೂದಿಲ್ಲ.”

“ಎರಡೂ ಹೆರಿಗ್ಯಾಗ ನನ್ನ ಹೊಟ್ಟಿ ಬಿಚ್ಚ್ಯಾರ,” ಅಂದೆ. “ಆಮ್ಯಾಲೂ ನಿಮಗ ರೊಟ್ಟಿ ಬಡದು ಹಾಕೀನಿ. ಯಾವತ್ತರ ಮೊದಲಿನಂಗ ಇಲ್ಲಂತ ತಾಟು ಸರಿಸೀರೇನು?”

ಅವರು ನನ್ನ ಮುಖ ನೋಡಿದರು. ಆಮೇಲೆ ಕಡ್ಡಿ ನೋಡಿದರು.

“ರೊಟ್ಟಿ ಸ್ವಲ್ಪ ದಪ್ಪ ಆಗ್ಯಾವ,” ಅಂದರು.

“ತೆಳ್ಳಗ ಬೇಕಂದ್ರ ಹೊಸಾಕೀನ್ನ ತರ್ರಿ. ಅಕಿನೂ ನಿಮ್ಮ ಮಗ ಕೊಡಸೂದಿಲ್ಲ.”

ನಕ್ಕರು. ನಕ್ಕ ಮೇಲೆ ಮನುಷ್ಯನಿಗೆ ಹಟ ಹಿಡಿಯುವುದು ಕಷ್ಟ. ಆ ಸಂಜೆಯೇ ಎಣ್ಣೆ ತಂದು ಹಾಕಿದರು, ಹಬ್ಬವಿಲ್ಲದ ದಿನ, ತಲೆಗೆ ಎರೆದುಕೊಳ್ಳದೆ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮರುದಿನ ಗ್ಯಾರೇಜಿಗೆ ಹೊರಟೆವು.

ಮೆಕ್ಯಾನಿಕ್ ನಮ್ಮ ಓಣಿಯ ಆಚೆಯವನೇ, ಮರಾಠಿಯವನು, ಬಾಯಿಬಡುಕ. ಗಾಡಿ ಚಾಲೂ ಮಾಡುತ್ತಲೇ ತಲೆ ಅಲ್ಲಾಡಿಸಿದ. ನಿನ್ನೆ ಹಾಕಿದ್ದಕ್ಕೆ ಮೊದಲು ಎಣ್ಣೆ ಯಾವಾಗ ಬದಲಿಸಿದಿರಿ ಎಂದು ಕೇಳಿದ. ಯಜಮಾನರು ಪಾಡವಾಕ್ಕೆ ಎಂದರು, ಯುಗಾದಿಗೆ ಇಲ್ಲಿ ಹಾಗೆನ್ನುತ್ತಾರೆ. ಮುಂದಿನದು ಯಾವಾಗ ಬದಲಿಸುವವರಿದ್ದಿರಿ ಎಂದ. ಪಂಚಮಿಗೆ ಎಂದರು. ಅವನು ಬೆರಳು ಮಡಚಿ ಎಣಿಸುತ್ತ ಹೋದವನು ನಡುವೆ ನಿಂತು, ಅಯ್ಯೋ ಕಾಕಾ, ಈ ವರ್ಷ ಪಂಚಮಿ ಒಂದು ತಿಂಗಳು ಮುಂದೆ ಹೋಯಿತಲ್ಲ ಎಂದ. ಆಗ ನಮ್ಮಿಬ್ಬರಿಗೂ ಹೊಳೆಯಿತು. ಅಧಿಕ ಮಾಸ ನಡುವೆ ತೂರಿಕೊಂಡು ಹಬ್ಬವನ್ನು ಆಚೆ ತಳ್ಳಿತ್ತು. ಆ ಮಾಸದ್ದೇ ನೆಪ ಮಾಡಿಕೊಂಡು ಊರೂರು ಸುತ್ತಿದ್ದೆವು. ಎಣ್ಣೆ ಮಾತ್ರ ಯುಗಾದಿಯದೇ. ಅಳಿಯನಿಗೆ ಅನಾರಸ ಕರಿದಿರಿ, ಗಾಡಿ ಒಣ ಹೊಟ್ಟೆಯಲ್ಲಿ ಓಡಿತು ಎಂದು ಮೆಕ್ಯಾನಿಕ್ ಮರಾಠಿಯಲ್ಲಿ ನಕ್ಕ. ನನಗೂ ನಗು ಬಂತು. ಯಜಮಾನರಿಗೆ ಬರಲಿಲ್ಲ.

ಅವನು ಬಿಚ್ಚಲು ಕೂತಾಗ ಯಜಮಾನರು ನಿಲ್ಲಲಿಲ್ಲ, ಬೀಡಿ ಅಂಗಡಿಯ ಕಡೆ ನಡೆದರು. ಬೀಡಿ ಬಿಟ್ಟು ಬಹಳ ವರ್ಷವಾಗಿತ್ತು. ನಾನು ಟೈರಿನ ಮೇಲೆ ಹಲಗೆ ಹಾಕಿಸಿಕೊಂಡು ಕೂತು ನೋಡಿದೆ. ದವಾಖಾನೆಯಲ್ಲಿ ನನ್ನ ಹೊಟ್ಟೆ ಬಿಚ್ಚಿದ್ದನ್ನು ನೋಡಲು ನನಗೆ ಬಿಟ್ಟಿರಲಿಲ್ಲ, ಇಲ್ಲಿ ನೋಡೋಣ ಎಂದು. ಮೇಲಿನ ಭಾಗಕ್ಕೆ ಹೆಡ್ ಎನ್ನುತ್ತಾರೆ. ಅದರ ಮುಚ್ಚಳ ತೆಗೆದಾಗ ಒಳಗೆ ಎರಡು ಸಣ್ಣ ಕಬ್ಬಿಣದ ತೋಳುಗಳಿದ್ದವು. ಕೆಳಗಿನಿಂದ ಬಂದ ಎಣ್ಣೆ ಕಡೆಗೆ ಮುಟ್ಟುವುದು ಅವಕ್ಕೆ, ಎಣ್ಣೆ ಕಡಿಮೆಯಾದರೆ ಮೊದಲು ಸವೆಯುವುದೂ ಅವೇ ಎಂದ. ಮನೆಯಲ್ಲಿ ಕಡೆಗೆ ಉಣ್ಣುವವರದೂ ಇದೇ ಗತಿ. ಒಂದು ತೋಳಿನ ತುದಿ ಉಗುರು ತಾಗಿದರೆ ಗೊತ್ತಾಗುವಷ್ಟು ಕುಳಿ ಬಿದ್ದಿತ್ತು. ಒಳಗಿನ ಚೈನೂ ಸಡಿಲಾಗಿತ್ತು. ಹೆಡ್ಡನ್ನು ಪೂರ್ತಿ ಎತ್ತಿದಾಗ ಕೆಳಗೆ ಪಿಸ್ಟನ್ ಕಂಡಿತು, ಮೇಲೆ ಮಸಿ ಕಟ್ಟಿದ ಹಂಚಿನ ಹಾಗೆ. ಅದರ ಸುತ್ತಲಿನ ಗೋಡೆಗೆ ಬೆರಳಾಡಿಸಿ ಅವನು ನನ್ನ ಕಡೆ ತಿರುಗಿದ.

“ಕಾಕೂ, ಕಾಕಾಂನಾ ಬೋಲವಾ,” ಅಂದ, ಕಾಕಾನನ್ನು ಕರೆಯಿರಿ ಎಂದು.

ಕೆಟ್ಟದ್ದೇ ಇರಬೇಕು ಎಂದು ನಾನೇ ಹೋಗಿ ಅವರನ್ನು ಕರೆತಂದೆ. ಬರುವುದಿಲ್ಲ ಎಂದವರು ಬಂದರು. ಮೆಕ್ಯಾನಿಕ್ ಬ್ಯಾಟರಿಯ ಬೆಳಕು ಬಿಟ್ಟು ತೋರಿಸಿದ. ಗೋಡೆಗೆ ಒಂದು ಗೀರೂ ಇರಲಿಲ್ಲ. ಕನ್ನಡಿಯಂತೆ ಇತ್ತು. ಕಂಪನಿಯಿಂದ ಬಂದಾಗ ಉಜ್ಜಿದ ಅಡ್ಡಗೆರೆಗಳು ಕೆಳಭಾಗದಲ್ಲಿ ಇನ್ನೂ ಕಾಣುತ್ತಿವೆ ಎಂದ. ಇದನ್ನು ನಾನು ಮುಟ್ಟುವುದಿಲ್ಲ, ಮೇಲಿನ ತೋಳು, ಚೈನು, ಎಣ್ಣೆ ಒಳಗೆ ಸೋರಿಸಿದ ವಾಲ್ವಿನ ರಬ್ಬರು ಹೊಸದು ಹಾಕಿ, ಮಸಿ ಕೆರೆದು ಮುಚ್ಚುತ್ತೇನೆ ಎಂದ. ಯಜಮಾನರು ಬಗ್ಗಿ ನೋಡಿದರು. ಬೆರಳು ಒರೆಸಿಕೊಂಡು, ಮುಟ್ಟಲೇ ಎಂದು ಕೇಳಿ, ಒಳಗೆ ಆಡಿಸಿದರು. ಇಷ್ಟು ವರ್ಷ ಹೊರಗಿಂದ ಒರೆಸಿದ ಗಾಡಿಯ ಒಳಗನ್ನು ಅವರು ನೋಡಿದ್ದು ಅದೇ ಮೊದಲು. ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಮೆಕ್ಯಾನಿಕ್ ಬೋಲ್ಟ್ ತಿರುಗಿಸುವ ಪಾನಾ ಕೈಗೆತ್ತಿಕೊಂಡರೆ ಯಾವ ನಂಬರಿನದು ಎಂದು ಕೇಳುವರು, ಬೋಲ್ಟ್ ಬಿಗಿದರೆ ಸಾಕು ಸಾಕು ಎನ್ನುವರು. ಕಡೆಗೆ ಅವನು ನನ್ನ ಕಡೆ ತಿರುಗಿ, ಕಾಕಾನನ್ನು ಬೀಡಿ ಅಂಗಡಿಗೆ ಮತ್ತೆ ಕಳಿಸಿ ಎಂದು ಬೇಡಿಕೊಂಡ.

ಗಾಡಿ ಸಿದ್ಧವಾದಾಗ ಯಜಮಾನರು ಒದ್ದು ಚಾಲೂ ಮಾಡಿ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಕೇಳಿದೆ. ಬೆಚ್ಚಗಾಗುವವರೆಗೆ ಕೇಳಿದೆ, ಕಾದ ಮೇಲೂ ಕೇಳಿದೆ. ಟಿಕ್ ಎನ್ನುವುದು ಹೋಗಿತ್ತು. ಮೊದಲಿನ ಸದ್ದೇನಲ್ಲ, ಸ್ವಲ್ಪ ಗಡಸು. ಹೊಸ ಚಪ್ಪಲಿಯ ಹಾಗೆ, ಮೆತ್ತಗಾಗುತ್ತದೆ. ಸರಿಯಾಗಿದೆ ಎಂದು ತಲೆದೂಗಿದೆ. ಹೊಗೆಯೂ ಇರಲಿಲ್ಲ.

ಹಬ್ಬದ ಲೆಕ್ಕವನ್ನು ನಾವು ಬಿಡಲಿಲ್ಲ. ಅಧಿಕ ಮಾಸವನ್ನೂ ಹಬ್ಬಗಳ ಸಾಲಿಗೆ ಸೇರಿಸಿಕೊಂಡೆವು, ಅದರ ಮೊದಲ ದಿನ ಎಣ್ಣೆ. ಸೋಮವಾರ ಸೋಮವಾರ ಕಡ್ಡಿ ನೋಡುವುದು ನನ್ನ ಕೆಲಸವಾಯಿತು. ಯಜಮಾನರು ನೋಡಿದರೆ ಎಣ್ಣೆ ಯಾವಾಗಲೂ ಸಾಕಷ್ಟು ಇರುತ್ತದೆ.

ಅದಾದ ಮೇಲೆ ಹಲವು ದಿನ ಅವರು ಬೆಂಚಿಗೆ ಹೋಗಲಿಲ್ಲ. ನೆಗಡಿ ಎಂದರು. ನೆಗಡಿಯ ಮನುಷ್ಯ ಮೊಸರು ತಿನ್ನುತ್ತಿದ್ದರು. ನಾನು ಒಂದು ಬೆಳಿಗ್ಗೆ, ಕೊತ್ತಂಬರಿ ಬೇಕು, ಬಜಾರಿಗೆ ಬಿಡಿ ಎಂದು ಗಾಡಿ ಹೊರಡಿಸಿದೆ. ಹೋಟೆಲಿನ ಮುಂದೆ ಬಂದಾಗ ಬೆನ್ನಿಗೆ ಗುದ್ದಿದೆ. ನಿಲ್ಲಿಸಲೇಬೇಕಾಯಿತು.

ಬೆಂಚಿನವರೆಲ್ಲ ತಿರುಗಿದರು. ಬಜಾರಿನಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಹೋಟೆಲಿನ ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೇಳಿದ.

“ಎಂತ ಮಾರಾಯ್ರೆ, ಇಂಜಿನ್ ಬಿಚ್ಚಿಸಿದಿರಂತೆ?”

ಯಜಮಾನರು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕಿಸೆಯಿಂದ ಮಿಷನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಮ್ಮೆ ಕೇಳಿ ಎಂದರು. ಅವನು ಇನ್ನೊಮ್ಮೆ ಕೇಳಿದ.

“ಬರೇ ಹೆಡ್ ತಗದಾರ್ರಿ,” ಅಂದರು. “ಕೆಳಗಿಂದು ಇನ್ನೂ ಕಂಪನಿದೇ ಅದ. ಒಂದ್ ಗೀರಿಲ್ಲ. ನಾನ ಕೈ ಹಾಕಿ ನೋಡೀನಿ.”

“ನಂದೂ ಹಂಗ ನೋಡ್ರಿ,” ಅಂದರು ಮೊಣಕಾಲಿನವರು. “ಬರೇ ಚಿಪ್ಪ ತಗದಾರ, ಹಿಮ್ಮಡ ಕಂಪನಿದೇ ಅದ.”

ಎದೆ ಹೊಲಿಸಿಕೊಂಡವರು, ನಾನು ನಗಬಾರದು, ಡಾಕ್ಟರ್ ಬೇಡ ಎಂದಿದ್ದಾರೆ ಎನ್ನುತ್ತಲೇ ನಕ್ಕರು. ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಯಜಮಾನರು ಕೂತು, ಒಳಗಿನ ಗೋಡೆ ಹೇಗಿತ್ತು ಎಂದು ಕೈಯಿಂದ ಗುಂಡಗೆ ತೋರಿಸಲು ಶುರು ಮಾಡಿದರು. ಅವರು ಬೇಗ ಏಳುವುದಿಲ್ಲ ಎಂದು ನನಗೆ ಗೊತ್ತಾಯಿತು. ತಿರುಗಿ ಬರುವಷ್ಟರಲ್ಲಿ ಒಂದು ಚಹಾ ನನಗೂ ಇರಲಿ ಎಂದು ಹೇಳಿ, ಕೊತ್ತಂಬರಿ ತರಲು ನಡೆದೇ ಹೋದೆ.